ಸೇನಾಧಿಕಾರಿಗಳು ಜಮೀನ್ದಾರಿಕೆ ಮುರಿದ ಕಥೆ: ಪೆರು ದೇಶದ ಭೂಸುಧಾರಣೆ, 1968–1980

ಪಶ್ಚಿಮ ಆಫ್ರಿಕಾದ ಮಾಲಿ, ಬುರ್ಕಿನಾ ಫಾಸೊ ಮತ್ತು ನೈಜರ್ ದೇಶಗಳಲ್ಲಿ 2020ರಿಂದ ಈಚೆಗೆ ಒಂದರ ಹಿಂದೊಂದರಂತೆ ಸೇನೆ ಅಧಿಕಾರ ಹಿಡಿದಿದೆ. ವಿದೇಶಿ ಸೈನ್ಯವನ್ನು ಹೊರಗೆ ಕಳುಹಿಸಿದ್ದು, ಚಿನ್ನ ಮತ್ತು ಯುರೇನಿಯಂ ಗಣಿಗಳನ್ನು ಸರ್ಕಾರದ ವಶಕ್ಕೆ ತೆಗೆದುಕೊಂಡಿದ್ದು, ನೆಲ ಮತ್ತು ನೆಲದೊಳಗಿನ ಸಂಪತ್ತು ದೇಶದ ಜನರದ್ದೆಂದು ಘೋಷಿಸಿದ್ದು ಸುದ್ದಿಯಾಗುತ್ತಲೇ ಇದೆ. ಚುನಾಯಿತ ಸರ್ಕಾರವನ್ನು ಕಿತ್ತೊಗೆದ ಸೈನಿಕರು ಬಡವರ ಪರವಾಗಿ ಕೆಲಸ ಮಾಡಲು ನಿಜಕ್ಕೂ ಸಾಧ್ಯವೇ ಎಂಬ ಪ್ರಶ್ನೆ ಆಗ ಸಹಜವಾಗಿಯೇ ಏಳುತ್ತದೆ. ಇಂದಿನ ಆಡಳಿತಗಳ ಫಲಿತಾಂಶ ಇನ್ನೂ ಹೊರಬಂದಿಲ್ಲ. ಆದರೆ ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ ಅರ್ಧ ಶತಮಾನದ ಹಿಂದೆ ಇಂಥದೇ ಪ್ರಯೋಗವೊಂದು ಬಹುದೊಡ್ಡ ಪ್ರಮಾಣದಲ್ಲಿ ನಡೆಯಿತು. ಅದರ ಆದಿ ಅಂತ್ಯಗಳೆರಡೂ ನಮ್ಮ ಕಣ್ಣಮುಂದಿರುವುದರಿಂದ ವಿಷಯವನ್ನು ಅಲ್ಲಿಂದಲೇ ಅರ್ಥ ಮಾಡಿಕೊಳ್ಳುವುದು ಒಳ್ಳೆಯದು.

ಮೊದಲು ತಿಳಿಯಬೇಕಾದ ಎರಡು ಸಂಗತಿ

ಸೇನಾಡಳಿತವೆಂದರೆ ಸಾಮಾನ್ಯವಾಗಿ ಉಳ್ಳವರ ಕಾವಲಿಗೆ ನಿಂತ ಬಂದೂಕು ಎಂಬ ಕಲ್ಪನೆ ನಮಗಿದೆ. 1964ರ ಬ್ರೆಜಿಲ್ ಮತ್ತು 1973ರ ಚಿಲಿ ದೇಶಗಳ ಮಟ್ಟಿಗೆ ಅದು ಸರಿಯೂ ಹೌದು. ರಾಷ್ಟ್ರವಾದಿ ಸೇನಾಡಳಿತದ ಬಗೆ ಬೇರೆ. ದೇಶದ ಸಂಪತ್ತು ವಿದೇಶಿ ಕಂಪನಿಗಳ ಮತ್ತು ಕೆಲವೇ ಮನೆತನಗಳ ಕೈಯಲ್ಲಿರುವುದೇ ದೇಶದ ದೌರ್ಬಲ್ಯಕ್ಕೆ ಕಾರಣ, ಅದನ್ನು ಸರಿಪಡಿಸುವ ಧೈರ್ಯ ರಾಜಕೀಯ ಪಕ್ಷಗಳಿಗಿಲ್ಲ, ಆದ್ದರಿಂದ ಆ ಕೆಲಸವನ್ನು ಸೇನೆಯೇ ಮಾಡಬೇಕು ಎಂದು ನಂಬಿದ ಅಧಿಕಾರಿಗಳ ಆಡಳಿತ ಅದು. 1952ರ ಜುಲೈನಲ್ಲಿ ಅಧಿಕಾರ ಹಿಡಿದ ಈಜಿಪ್ಟಿನ ಸೇನಾಧಿಕಾರಿಗಳು ಸೆಪ್ಟೆಂಬರಿನೊಳಗೆ ಭೂಮಿತಿ ಕಾನೂನು ತಂದದ್ದು ಇದಕ್ಕೊಂದು ಮೊದಲ ಮಾದರಿ.

ಭೂಸುಧಾರಣೆ ಕನ್ನಡಿಗರಿಗೆ ಹೊಸದಲ್ಲ. ದೇವರಾಜ ಅರಸು ಅವರ ಕಾಲದಲ್ಲಿ, 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಗೇಣಿದಾರರು ಫಾರಂ ನಂ. 7 ತುಂಬಿ ತಾಲ್ಲೂಕಿನ ಭೂ ನ್ಯಾಯಮಂಡಳಿಗೆ ಅರ್ಜಿ ಹಾಕಿದರು. ತಾವು ಉಳುತ್ತಿದ್ದ ಜಮೀನಿಗೆ ತಾವೇ ಒಡೆಯರಾದರು. ಅದೇ ವರ್ಷಗಳಲ್ಲಿ ಪೆರುವಿನಲ್ಲಿ ನಡೆದದ್ದೂ ಭೂಸುಧಾರಣೆಯೇ. ಆದರೆ ಎರಡು ವ್ಯತ್ಯಾಸಗಳನ್ನು ಗಮನದಲ್ಲಿಟ್ಟುಕೊಳ್ಳಬೇಕು. ಅಲ್ಲಿ ಕಾನೂನು ಶಾಸನಸಭೆಯಿಂದ ಬರಲಿಲ್ಲ, ಸೇನಾ ಸರ್ಕಾರದ ಆದೇಶವಾಗಿ ಬಂತು. ಜೊತೆಗೆ, ಬಹುಪಾಲು ಜಮೀನು ಒಬ್ಬೊಬ್ಬ ರೈತನ ಹೆಸರಿಗೆ ಪಹಣಿಯಾಗಿ ಬರಲಿಲ್ಲ. ಮುಂದೆ ನಡೆದ ಒಳಿತು ಕೆಡುಕುಗಳ ಬೇರು ಬಹುಮಟ್ಟಿಗೆ ಇವೆರಡರಲ್ಲಿಯೇ ಇದೆ ಎಂಬುದು ಈ ಲೇಖಕನ ತಿಳಿವಳಿಕೆ.

ಧಣಿಯ ಜಮೀನು, ಧಣಿಯ ಜನ

ಪೆರುವಿನ ಪಶ್ಚಿಮಕ್ಕೆ ಮರಳುಗಾಡಿನಂಥ ಕರಾವಳಿಯಿದೆ. ಆಂಡೀಸ್ ಬೆಟ್ಟಗಳಿಂದ ಇಳಿಯುವ ನದಿಗಳ ಕಣಿವೆಗಳಲ್ಲಿ ಮಾತ್ರ ಅಲ್ಲಿ ಹಸಿರು ಕಾಣುತ್ತದೆ. ಅದರಾಚೆಗೆ ಆಂಡೀಸ್ ಪರ್ವತಶ್ರೇಣಿ, ಇನ್ನೂ ಆಚೆಗೆ ಅಮೆಜಾನ್ ಕಾಡು. ಕರಾವಳಿಯಲ್ಲೂ ಬೆಟ್ಟಪ್ರದೇಶದಲ್ಲೂ ಒಳ್ಳೆಯ ನೆಲವೆಲ್ಲ ಅಸಿಯೆಂಡಾ ಎನ್ನುವ ಭಾರೀ ಎಸ್ಟೇಟುಗಳ ವಶದಲ್ಲಿತ್ತು.

ಕರಾವಳಿಯ ಅಸಿಯೆಂಡಾ ಒಂದು ಆಧುನಿಕ ಉದ್ಯಮ. ಟ್ರುಹಿಯೊ ನಗರದ ಉತ್ತರಕ್ಕಿರುವ ಚಿಕಾಮಾ ಕಣಿವೆಯ ಕಾಸಾ ಗ್ರಾಂದೆ ಎಸ್ಟೇಟನ್ನು ನೋಡಿ. ಜರ್ಮನ್ ಮೂಲದ ಗಿಲ್ಡೆಮೈಸ್ಟರ್ ಮನೆತನ ಅದರ ಒಡೆತನ ಹೊಂದಿತ್ತು. ಕಣಿವೆಯುದ್ದಕ್ಕೂ ಕಬ್ಬಿನ ಗದ್ದೆ, ನಡುವೆ ಸಕ್ಕರೆ ಕಾರ್ಖಾನೆ, ಸ್ವಂತ ರೈಲುಹಳಿ, ಸಕ್ಕರೆಯನ್ನು ಹಡಗಿಗೆ ತುಂಬಲು ಮಲಬ್ರಿಗೊದಲ್ಲಿ ಸ್ವಂತ ಬಂದರು. ಇಲ್ಲಿನ ಕಾರ್ಮಿಕರಿಗೆ ಸಂಘಟನೆಯಿತ್ತು, ಸಂಬಳವೂ ಇತ್ತು.

ಬೆಟ್ಟದ ಮೇಲಿನ ಸ್ಥಿತಿ ತೀರಾ ಬೇರೆ. ಅಲ್ಲಿ ದುಡಿಯುತ್ತಿದ್ದವರು ಕೆಚುವಾ ಅಥವಾ ಐಮಾರಾ ಮಾತನಾಡುವ ಮೂಲನಿವಾಸಿಗಳು. ಅವರಿಗೆ ಹಣದ ಕೂಲಿ ಹೆಸರಿಗೆ ಮಾತ್ರ. ಒಂದು ತುಂಡು ನೆಲದಲ್ಲಿ ಆಲೂಗೆಡ್ಡೆ ಬೆಳೆದುಕೊಳ್ಳುವ, ಧಣಿಯ ಹುಲ್ಲುಗಾವಲಿನಲ್ಲಿ ತಮ್ಮ ಕುರಿಗಳನ್ನೂ ಮೇಯಿಸಿಕೊಳ್ಳುವ ಅನುಮತಿಯೇ ಕೂಲಿ. ಅದಕ್ಕೆ ಪ್ರತಿಯಾಗಿ ವಾರಕ್ಕೆ ಇಷ್ಟು ದಿನವೆಂದು ಧಣಿಯ ಹೊಲದಲ್ಲಿ ದುಡಿಯಬೇಕು. ಅದು ಮುಗಿದ ಮೇಲೆ ಸರದಿಯಂತೆ ಒಂದೊಂದು ಮನೆಯವರು ಧಣಿಯ ಮನೆಗೆ, ಕೆಲವೊಮ್ಮೆ ಪಟ್ಟಣದಲ್ಲಿರುವ ಅವನ ಇನ್ನೊಂದು ಮನೆಗೆ ಬಿಟ್ಟಿ ಚಾಕರಿಗೆ ಹೋಗಬೇಕು. ಸೌದೆ ತರುವುದು, ನೀರು ಹೊರುವುದು, ಕುದುರೆ ನೋಡಿಕೊಳ್ಳುವುದು, ಮಗು ಎತ್ತಿ ಆಡಿಸುವುದು ಎಲ್ಲವೂ ಅದರಲ್ಲಿ ಸೇರಿತ್ತು. ಇಂಥ ಚಾಕರಿಯವನನ್ನು ಪೊಂಗೊ ಎನ್ನುತ್ತಿದ್ದರು. ಎಸ್ಟೇಟು ಮಾರಾಟವಾದರೆ ಆಳುಗಳೂ ಅದರೊಂದಿಗೇ ಹೊಸ ಧಣಿಯ ಪಾಲಾಗುತ್ತಿದ್ದರು. ಸ್ಪಾನಿಷ್ ಓದುಬರಹ ಬಾರದವರಿಗೆ ಮತದಾನದ ಹಕ್ಕೂ ಇರಲಿಲ್ಲವಾದ್ದರಿಂದ ದೂರು ಕೊಡಲು ಹೋಗಬೇಕಾದ ಕಚೇರಿಗಳೆಲ್ಲ ಧಣಿಯ ಪರಿಚಯಸ್ಥರ ಕಚೇರಿಗಳೇ ಆಗಿದ್ದವು.

ಸೈನಿಕರ ಮನಸ್ಸು ಬದಲಾದದ್ದು ಏಕೆ

ಜಮೀನ್ದಾರರ ರಕ್ಷಣೆಗೆ ರೈತರ ಮೇಲೆ ಗುಂಡು ಹಾರಿಸುತ್ತಿದ್ದ ಸೇನೆಯೇ ಜಮೀನ್ದಾರರ ವಿರುದ್ಧ ತಿರುಗಿದ್ದಕ್ಕೆ ಒಂದೇ ಕಾರಣವಿಲ್ಲ.

ಕುಸ್ಕೊ ಪ್ರಾಂತ್ಯದ ಲಾ ಕನ್ವೆನ್ಸಿಯೊನ್ ಕಣಿವೆಯಲ್ಲಿ ಗೇಣಿದಾರರು ಕಾಡು ಕಡಿದು ಕಾಫಿ ಬೆಳೆಸಿದ್ದರು. ಕಾಫಿಗೆ ಒಳ್ಳೆಯ ಬೆಲೆ ಬಂದಾಗ ಧಣಿಯ ಹೊಲದಲ್ಲಿ ಕಳೆಯುವ ಪ್ರತಿ ದಿನವೂ ಅವರಿಗೆ ನಷ್ಟದ ದಿನವಾಯಿತು. 1950ರ ದಶಕದ ಕೊನೆಗೆ ಅವರು ಸಂಘ ಕಟ್ಟಿಕೊಂಡು, 1960ರ ದಶಕದ ಆರಂಭದಲ್ಲಿ ಊಗೊ ಬ್ಲಾಂಕೊ ಅವರ ಮುಂದಾಳತ್ವದಲ್ಲಿ ಬಿಟ್ಟಿ ದುಡಿಮೆಯನ್ನೇ ನಿಲ್ಲಿಸಿದರು. ಬ್ಲಾಂಕೊ 1963ರಲ್ಲಿ ಸೆರೆಯಾದರೂ ಅಂದಿನ ಸರ್ಕಾರ ಆ ಒಂದು ಕಣಿವೆಗೆ ಪ್ರತ್ಯೇಕ ಭೂಸುಧಾರಣೆ ಪ್ರಕಟಿಸಬೇಕಾಯಿತು. 1965ರಲ್ಲಿ ಕ್ಯೂಬಾದ ಕ್ರಾಂತಿಯಿಂದ ಪ್ರೇರಿತರಾದ ಗೆರಿಲ್ಲಾ ಗುಂಪುಗಳು ಬೆಟ್ಟ ಹತ್ತಿದವು. ಸೇನೆ ಅವರನ್ನು ಕೆಲವೇ ತಿಂಗಳಲ್ಲಿ ಬಗ್ಗುಬಡಿಯಿತು. ಆದರೆ ಕಾರ್ಯಾಚರಣೆಗೆ ಹೋದ ಅಧಿಕಾರಿಗಳು ಹಳ್ಳಿಗಳನ್ನು ಹತ್ತಿರದಿಂದ ಕಂಡರು. ಈ ಬಡತನ ಹೀಗೆಯೇ ಉಳಿದರೆ ಇಂದು ಸೋತ ಗೆರಿಲ್ಲಾಗಳು ನಾಳೆ ಗೆಲ್ಲುತ್ತಾರೆ ಎಂಬ ಭಯ ಅವರನ್ನು ಹಿಡಿಯಿತು. 1950ರಲ್ಲಿ ಸ್ಥಾಪನೆಯಾಗಿದ್ದ ಉನ್ನತ ಸೇನಾ ಅಧ್ಯಯನ ಕೇಂದ್ರ ಇದನ್ನೇ ಪಾಠವಾಗಿ ಕಲಿಸುತ್ತಿತ್ತು: ಹಸಿದ, ಒಡೆದ ದೇಶವನ್ನು ಯಾವ ಸೈನ್ಯವೂ ರಕ್ಷಿಸಲಾರದು, ಆದ್ದರಿಂದ ಅಭಿವೃದ್ಧಿಯೂ ರಾಷ್ಟ್ರರಕ್ಷಣೆಯ ಭಾಗ.

ಅಧಿಕಾರಿಗಳಲ್ಲಿ ಹಲವರು ದೊಡ್ಡ ಮನೆತನದವರಲ್ಲ. 1968ರಲ್ಲಿ ಅಧಿಕಾರ ಹಿಡಿದ ಸೇನೆಯ ನಾಯಕ ಜನರಲ್ ಹುವಾನ್ ವೆಲಾಸ್ಕೊ ಆಲ್ವರಾಡೊ ಉತ್ತರದ ಪಿಯುರಾದ ಬಡ ಕುಟುಂಬದಲ್ಲಿ 1910ರಲ್ಲಿ ಹುಟ್ಟಿ, ಸಾಮಾನ್ಯ ಸಿಪಾಯಿಯಾಗಿ ಸೇನೆಗೆ ಸೇರಿ ಮೇಲೆ ಬಂದವರು. ಇದರ ಜೊತೆಗೆ ಹೆಚ್ಚು ಚರ್ಚೆಗೆ ಬಾರದ ಇನ್ನೊಂದು ಲೆಕ್ಕಾಚಾರವೂ ಇತ್ತು. ಸಕ್ಕರೆ ಕಾರ್ಮಿಕರ ಸಂಘಟನೆಗಳು ಅಪ್ರಾ ಎಂಬ ಪಕ್ಷದ ಭದ್ರಕೋಟೆಯಾಗಿದ್ದವು. 1932ರ ಟ್ರುಹಿಯೊ ದಂಗೆಯಲ್ಲಿ ಸೇನಾಧಿಕಾರಿಗಳು ಕೊಲೆಯಾದ ದಿನದಿಂದ ಸೇನೆಗೂ ಆ ಪಕ್ಷಕ್ಕೂ ಹಗೆ. ಸಕ್ಕರೆ ಎಸ್ಟೇಟುಗಳನ್ನು ಸರ್ಕಾರ ಹಿಡಿದರೆ ಜಮೀನ್ದಾರರೂ ಅಪ್ರಾ ಪಕ್ಷವೂ ಒಟ್ಟಿಗೆ ದುರ್ಬಲವಾಗುತ್ತಿದ್ದರು.

ಕಾಣೆಯಾದ ಹನ್ನೊಂದನೆಯ ಪುಟ

ಕ್ಷಿಪ್ರಕ್ರಾಂತಿಗೆ ನೆಪವಾದದ್ದು ಜಮೀನಲ್ಲ, ತೈಲ. ತಲಾರಾದ ತೈಲಕ್ಷೇತ್ರಗಳನ್ನು ಅಮೆರಿಕದ ಸ್ಟ್ಯಾಂಡರ್ಡ್ ಆಯಿಲ್ ಒಡೆತನದ ಇಂಟರ್‌ನ್ಯಾಷನಲ್ ಪೆಟ್ರೋಲಿಯಂ ಕಂಪನಿ ದಶಕಗಳಿಂದ ಅನುಭವಿಸುತ್ತಿತ್ತು. ಅಧ್ಯಕ್ಷ ಫರ್ನಾಂಡೊ ಬೆಲೌಂದೆ 1968ರ ಆಗಸ್ಟಿನಲ್ಲಿ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡು ತೈಲಕ್ಷೇತ್ರ ದೇಶಕ್ಕೆ ಮರಳಿತೆಂದು ಘೋಷಿಸಿದರು. ಸೆಪ್ಟೆಂಬರಿನಲ್ಲಿ ಸರ್ಕಾರಿ ತೈಲ ಸಂಸ್ಥೆಯ ಮುಖ್ಯಸ್ಥರು ದೂರದರ್ಶನದಲ್ಲಿ ಕಾಣಿಸಿಕೊಂಡು, ಬೆಲೆಗೆ ಸಂಬಂಧಿಸಿದ ಹನ್ನೊಂದನೆಯ ಪುಟವೇ ಕಾಣೆಯಾಗಿದೆ ಎಂದರು. ದೇಶ ರೊಚ್ಚಿಗೆದ್ದಿತು. ಅಕ್ಟೋಬರ್ 3ರ ನಸುಕಿನಲ್ಲಿ ಟ್ಯಾಂಕುಗಳು ರಾಜಧಾನಿ ಲಿಮಾದ ಅಧ್ಯಕ್ಷರ ಅರಮನೆಯ ಮುಂದೆ ನಿಂತವು; ಬೆಲೌಂದೆ ಅವರನ್ನು ವಿಮಾನ ಹತ್ತಿಸಿ ಬ್ಯೂನಸ್ ಐರಿಸ್‌ಗೆ ಕಳುಹಿಸಲಾಯಿತು. ಆರು ದಿನಗಳ ಬಳಿಕ ಸೇನೆ ತಲಾರಾವನ್ನು ವಶಪಡಿಸಿಕೊಂಡಿತು. ಮತ ಹಾಕಿ ತಂದ ಸರ್ಕಾರವನ್ನು ಕಳೆದುಕೊಂಡ ಜನರೇ ಆ ದಿನ ಸಂಭ್ರಮಿಸಿದರೆಂಬುದನ್ನು ಮರೆಯುವಂತಿಲ್ಲ. ಸೇನೆಗೆ ತನ್ನ ಮುಂದಿನ ಹೆಜ್ಜೆಗೆ ಬೇಕಾದ ಬಲ ದೊರೆತದ್ದು ಅಲ್ಲಿಂದಲೇ.

1969ರ ಜೂನ್ 24

ಪೆರುವಿನಲ್ಲಿ ಆ ದಿನವನ್ನು ಇಂಡಿಯನ್ನರ, ಎಂದರೆ ಅಲ್ಲಿನ ಮೂಲನಿವಾಸಿಗಳ ದಿನವೆಂದು ಆಚರಿಸುತ್ತಿದ್ದರು. ವೆಲಾಸ್ಕೊ ಅದನ್ನು ರೈತರ ದಿನವೆಂದು ಬದಲಾಯಿಸಿ, ಅಂದೇ 17716ನೇ ಸಂಖ್ಯೆಯ ಆದೇಶವನ್ನು ಹೊರಡಿಸಿದರು. ಅವರ ಭಾಷಣ ಮುಗಿದದ್ದು ಈ ಮಾತಿನಿಂದ: "ರೈತನೇ, ಧಣಿ ಇನ್ನು ನಿನ್ನ ಬಡತನವನ್ನು ಉಣ್ಣಲಾರ." ಸ್ಪೇನಿನ ಆಳ್ವಿಕೆಯ ವಿರುದ್ಧ 1780ರಲ್ಲಿ ದಂಗೆಯೆದ್ದು ಮರುವರ್ಷ ಕುಸ್ಕೊದಲ್ಲಿ ಕೊಲೆಗೀಡಾದ ಟುಪಾಕ್ ಅಮಾರುವಿನ ಚಿತ್ರ ಸುಧಾರಣೆಯ ಭಿತ್ತಿಪತ್ರಗಳಲ್ಲೆಲ್ಲ ಕಾಣಿಸಿಕೊಂಡಿತು.

ಕರಾವಳಿಯ ನೀರಾವರಿ ಜಮೀನಿಗೆ 150 ಹೆಕ್ಟೇರ್, ಎಂದರೆ ಸುಮಾರು 370 ಎಕರೆ ಮಿತಿ ನಿಗದಿಯಾಯಿತು. ನಂತರದ ವರ್ಷಗಳಲ್ಲಿ ಅದನ್ನು 50 ಹೆಕ್ಟೇರಿಗೆ ಇಳಿಸಲಾಯಿತು. ಬೆಲೌಂದೆ ಕಾಲದ 1964ರ ಕಾನೂನು ಸಕ್ಕರೆ ಎಸ್ಟೇಟುಗಳನ್ನು ಮುಟ್ಟದೆ ಬಿಟ್ಟಿತ್ತು. ಹೊಸ ಆದೇಶದ ಮೊದಲ ಏಟು ಬಿದ್ದದ್ದೇ ಅವುಗಳ ಮೇಲೆ. ಕೆಲವೇ ದಿನಗಳಲ್ಲಿ ಅಧಿಕಾರಿಗಳು ಕಾಸಾ ಗ್ರಾಂದೆ, ಕಾರ್ತಾವಿಯೊ, ತುಮಾನ್, ಪೊಮಾಲ್ಕಾ ಮೊದಲಾದ ಎಸ್ಟೇಟುಗಳ ಕಚೇರಿಗಳಿಗೆ ನುಗ್ಗಿ ಲೆಕ್ಕಪುಸ್ತಕಗಳನ್ನು ವಶಕ್ಕೆ ಪಡೆದರು. ಮುಂದಿನ ಹತ್ತು ವರ್ಷಗಳಲ್ಲಿ ಸುಮಾರು 90 ಲಕ್ಷ ಹೆಕ್ಟೇರ್ ಸ್ವಾಧೀನವಾಯಿತು. ಇದು ಹೆಚ್ಚೂಕಡಿಮೆ ಅರ್ಧ ಕರ್ನಾಟಕದಷ್ಟು ನೆಲ. ಫಲಾನುಭವಿಗಳು ಸುಮಾರು 3.7 ಲಕ್ಷ ಕುಟುಂಬಗಳು.

ಪರಿಹಾರದ ಲೆಕ್ಕ

ಭೂಸುಧಾರಣೆಯಲ್ಲಿ ಕಠಿಣವಾದ ಪ್ರಶ್ನೆ ಬೆಲೆಯದು. ಪೆರು ಸರ್ಕಾರ ಜಮೀನಿಗೆ ಕಟ್ಟಿದ ಬೆಲೆ, ಮಾಲೀಕರೇ ತೆರಿಗೆಗಾಗಿ ಘೋಷಿಸಿದ್ದ ಬೆಲೆಯನ್ನು ಆಧರಿಸಿತ್ತು. ತೆರಿಗೆ ಉಳಿಸಲೆಂದು ವರ್ಷಗಳ ಕಾಲ ಕಡಿಮೆ ಬೆಲೆ ಬರೆಸಿದ್ದವರಿಗೆ ಅದೇ ಕೊರಳಿಗೆ ಬಿತ್ತು. ನಗದಾಗಿ ಸಿಕ್ಕಿದ್ದು ಸ್ವಲ್ಪ ಪಾಲು. ಉಳಿದದ್ದನ್ನು 20, 25 ಅಥವಾ 30 ವರ್ಷಗಳ ಸರ್ಕಾರಿ ಬಾಂಡುಗಳಾಗಿ ಕೊಡಲಾಯಿತು. ಚೆನ್ನಾಗಿ ನಡೆಯುತ್ತಿದ್ದ ಎಸ್ಟೇಟಿಗೆ ಶೇ 6 ಬಡ್ಡಿ, ಪಾಳುಬಿಟ್ಟ ಜಮೀನಿಗೆ ಶೇ 4. ಬಾಂಡುಗಳನ್ನು ಕಾರ್ಖಾನೆಗಳಲ್ಲಿ ತೊಡಗಿಸುವ ಅವಕಾಶವನ್ನೂ ಕಾನೂನು ಕೊಟ್ಟಿತ್ತು. ಜಮೀನ್ದಾರರನ್ನು ಕೈಗಾರಿಕೋದ್ಯಮಿಗಳನ್ನಾಗಿ ಮಾಡುವುದು ಸೇನೆಯ ಆಸೆಯಾಗಿತ್ತು. ಅದು ಕೈಗೂಡಲಿಲ್ಲ. ಎಸ್ಟೇಟು ಕೈತಪ್ಪುವ ಸೂಚನೆ ಸಿಕ್ಕೊಡನೆ ಹಲವರು ದನ, ಕುರಿ, ಯಂತ್ರಗಳನ್ನು ಮಾರಿ ಬರಿಯ ನೆಲವನ್ನು ಮಾತ್ರ ಬಿಟ್ಟುಕೊಟ್ಟರು.

1980ರ ದಶಕದ ಕೊನೆಯ ಭೀಕರ ಹಣದುಬ್ಬರ ಆ ಬಾಂಡುಗಳನ್ನು ನುಂಗಿಹಾಕಿತು. ಪೆರು ಎರಡು ಬಾರಿ ತನ್ನ ನಾಣ್ಯವನ್ನೇ ಬದಲಾಯಿಸಿತು. 1991ರ ಒಂದು ಹೊಸ ಸೋಲ್ 100 ಕೋಟಿ ಹಳೆಯ ಸೋಲ್‌ಗಳಿಗೆ ಸಮ. ಒಂದು ಜಿಲ್ಲೆಯ ಜಮೀನಿಗೆ ಬದಲಾಗಿ ಬಂದ ಕಾಗದ ಒಂದು ಲೋಟ ಚಹಾಕ್ಕೂ ಸಾಲದಂತಾಯಿತು ಎಂದರೆ ಸ್ಥಿತಿ ಮನಸ್ಸಿಗೆ ಬಂದೀತು. ಬಾಂಡುಗಳನ್ನು ಇಂದಿನ ಮೌಲ್ಯಕ್ಕೆ ಏರಿಸಿ ತೀರಿಸಬೇಕೆಂದು ಪೆರುವಿನ ಸಂವಿಧಾನ ನ್ಯಾಯಮಂಡಳಿ 2001ರಲ್ಲಿ ಹೇಳಿತು, ಏರಿಸುವ ಸೂತ್ರವನ್ನು 2013ರಲ್ಲಿ ನಿಗದಿಪಡಿಸಿತು. ಅಷ್ಟರಲ್ಲಿ ಅಮೆರಿಕದ ಹೂಡಿಕೆ ನಿಧಿಯೊಂದು ಹಳೆಯ ಮಾಲೀಕರಿಂದ ಬಾಂಡುಗಳನ್ನು ಕೊಂಡಿತ್ತು; 2016ರಲ್ಲಿ ಅದು ವಿವಾದವನ್ನು ಅಂತರರಾಷ್ಟ್ರೀಯ ಪಂಚಾಯ್ತಿಗೆ ಒಯ್ದಿತು.

ಫಲಾನುಭವಿಗಳಿಗೂ ಜಮೀನು ಪುಕ್ಕಟೆಯಾಗಿರಲಿಲ್ಲ. ಅವರ ಸಂಘಗಳು 20 ವರ್ಷ ಕಂತು ಕಟ್ಟಬೇಕಿತ್ತು. ಈ ಸಾಲವನ್ನು ಮುಂದೆ ಮನ್ನಾ ಮಾಡಲಾಯಿತು.

ಹಂಚಲಿಲ್ಲ, ಒಟ್ಟಾಗಿ ಕೊಟ್ಟರು

ಕಬ್ಬಿನ ಎಸ್ಟೇಟನ್ನು ತುಂಡು ಮಾಡಿ ಹಂಚಿದರೆ ಕಾರ್ಖಾನೆಗೆ ಕಬ್ಬು ಹೊಂದಿಸುವುದು ಕಷ್ಟ, ಕಾಲುವೆಗಳ ನಿರ್ವಹಣೆ ಕೆಡುತ್ತದೆ, ರಫ್ತು ಬೀಳುತ್ತದೆ ಎಂಬುದು ಸರ್ಕಾರದ ವಾದ. ಆದ್ದರಿಂದ ಇಡೀ ಎಸ್ಟೇಟನ್ನು ಅಲ್ಲಿನ ಕಾಯಂ ಕಾರ್ಮಿಕರ ಉತ್ಪಾದನಾ ಸಹಕಾರ ಸಂಘಕ್ಕೆ ಒಪ್ಪಿಸಲಾಯಿತು. ವಾದದಲ್ಲಿ ಹುರುಳಿಲ್ಲದಿರಲಿಲ್ಲ. ಆದರೆ ಆರಂಭದ ವರ್ಷಗಳಲ್ಲಿ ಸಂಘದ ಆಡಳಿತದ ಮೇಲೆ ಸರ್ಕಾರ ನೇಮಿಸಿದವರದೇ ಹಿಡಿತ. ಕಾರ್ಮಿಕರು ಮುಷ್ಕರ ಹೂಡಿ ಒತ್ತಾಯಿಸಿದ ಮೇಲೆ, 1972ರಲ್ಲಿ ಮುಕ್ತ ಚುನಾವಣೆ ನಡೆಯಿತು. ಸಕ್ಕರೆಗೆ ಜಾಗತಿಕ ಬೆಲೆ ಏರಿದ 1974ರಲ್ಲಿ ಸಂಘಗಳ ಸದಸ್ಯರು ಚೆನ್ನಾಗಿಯೇ ಬದುಕಿದರು. ಕಬ್ಬು ಕಡಿಯುವ ಹಂಗಾಮಿಗೆ ಬೆಟ್ಟದಿಂದ ಇಳಿದು ಬರುತ್ತಿದ್ದ ತಾತ್ಕಾಲಿಕ ಕೂಲಿಗಳಿಗೆ ಮಾತ್ರ ಸದಸ್ಯತ್ವವಿರಲಿಲ್ಲ. ನಿನ್ನೆಯ ಕಾರ್ಮಿಕರು ಅವರ ಪಾಲಿಗೆ ಇಂದಿನ ಮಾಲೀಕರಾದರು.

ಬೆಟ್ಟದಲ್ಲಿ ವಿಷಯ ಇನ್ನೂ ಜಟಿಲ. ಸೆರ್ರೊ ದೆ ಪಾಸ್ಕೊ ಎಂಬ ಅಮೆರಿಕನ್ ಗಣಿ ಕಂಪನಿ 1922ರಲ್ಲಿ ಲಾ ಒರೊಯಾದಲ್ಲಿ ಲೋಹ ಕರಗಿಸುವ ಕಾರ್ಖಾನೆ ತೆರೆದಿತ್ತು. ಅದರ ಹೊಗೆಯಿಂದ ಸುತ್ತಲಿನ ಹಳ್ಳಿಗಳ ಹುಲ್ಲುಗಾವಲು ಹಾಳಾಯಿತು. ಹಾಳಾದ ನೆಲವನ್ನು ಕೊಂಡ ಕಂಪನಿ ಕಾಲಕ್ರಮೇಣ ದೇಶದ ಅತಿದೊಡ್ಡ ಭೂಮಾಲೀಕರಲ್ಲೊಂದಾಗಿ, ಅಲ್ಲಿಯೇ ಉತ್ತಮ ತಳಿಯ ಕುರಿ ಸಾಕಿತು. ಈ ಭೂಮಿ ಸ್ವಾಧೀನವಾದಾಗ ಸುತ್ತಲಿನ ಹಳ್ಳಿಗಳು ತಮ್ಮ ನೆಲ ತಮಗೆ ಮರಳೀತೆಂದು ಕಾದವು. ಸರ್ಕಾರ ಅದನ್ನು ಒಡೆಯದೆ, ಟುಪಾಕ್ ಅಮಾರುವಿನ ಹೆಸರಿನಲ್ಲಿ ಒಂದು ಕೂಡುಸಂಸ್ಥೆ ಮಾಡಿ ಹಳ್ಳಿಗಳನ್ನು ಷೇರುದಾರರನ್ನಾಗಿ ಸೇರಿಸಿತು. ಲಾಭ ಬಂದರೆ ಹಳ್ಳಿಗೆ ಶಾಲೆ, ರಸ್ತೆ. ನೆಲ ಮಾತ್ರ ಸಂಸ್ಥೆಯದು.

ಇಂಥ ಸಂಸ್ಥೆಗಳಲ್ಲಿ ದಿನನಿತ್ಯದ ಜಗಳ ನಡೆಯುತ್ತಿದ್ದುದು ಕುರಿಗಳ ಬಗ್ಗೆ. ಕುರಿಗಾಹಿಗಳು ತಲೆಮಾರುಗಳಿಂದ ಧಣಿಯ ಮಂದೆಯೊಂದಿಗೆ ತಮ್ಮ ನಾಟಿ ಕುರಿಗಳನ್ನೂ ಮೇಯಿಸಿಕೊಂಡು ಬಂದಿದ್ದರು. ಅವರ ಪಾಲಿಗೆ ಅದೇ ಸಂಬಳ, ಅದೇ ಉಳಿತಾಯ. ನಗರದಿಂದ ಬಂದ ತಜ್ಞರ ಕಣ್ಣಿಗೆ ಆ ನಾಟಿ ಕುರಿಗಳು ಹುಲ್ಲು ತಿಂದುಹಾಕುವ, ಉಣ್ಣೆ ಕೊಡದ, ಒಳ್ಳೆಯ ತಳಿಯನ್ನು ಕೆಡಿಸುವ ಪಿಡುಗು. ಹಿಂದೆ ಧಣಿಗಳು ಅವನ್ನು ಓಡಿಸಲು ಯತ್ನಿಸಿ ಸೋತಿದ್ದರು. ಈಗ ಸಂಸ್ಥೆಯ ವ್ಯವಸ್ಥಾಪಕರು ಅದೇ ಯತ್ನಕ್ಕೆ ಕೈಹಾಕಿದರು. ಕುರಿಗಾಹಿಗೆ ಬದಲಾವಣೆಯೇನೆಂದು ಹೇಗೆ ತಾನೇ ತಿಳಿಯಬೇಕು? ಈ ಸುಧಾರಣೆಯನ್ನು ಲಿಮಾದ ಕಡತಗಳಿಗಿಂತ ಈ ಹುಲ್ಲುಗಾವಲುಗಳಲ್ಲಿ ನೋಡಿದಾಗಲೇ ಅದರ ಬಲವೂ ಮಿತಿಯೂ ಸ್ಪಷ್ಟವಾಗುತ್ತವೆ. ಹೊಡೆಯುವ, ಬಿಟ್ಟಿ ದುಡಿಸುವ ಧಣಿ ಹೋಗಿದ್ದ, ಅದು ಸಣ್ಣ ಮಾತಲ್ಲ. ಆದರೆ ಏನು ಬೆಳೆಯಬೇಕು, ಎಷ್ಟು ಕುರಿ ಇರಬೇಕು ಎಂದು ತೀರ್ಮಾನಿಸುವ ಅಧಿಕಾರ ಅವನಿಂದ ನೇರವಾಗಿ ಸರ್ಕಾರದ ನೌಕರನಿಗೆ ದಾಟಿತ್ತು.

ಹೊರಗುಳಿದವರು

ಎಸ್ಟೇಟಿನಲ್ಲಿ ದುಡಿಯುತ್ತಿದ್ದವರಿಗಷ್ಟೇ ಎಸ್ಟೇಟು ಸಿಕ್ಕಿದ್ದರಿಂದ, ಎಸ್ಟೇಟಿಗೆ ಸೇರದ ಸಣ್ಣ ಹಿಡುವಳಿದಾರರು, ಭೂರಹಿತರು ಮತ್ತು ಮೂಲನಿವಾಸಿ ಹಳ್ಳಿಗಳ ಬಹುಪಾಲು ಜನ ಹೊರಗುಳಿದರು. ದೇಶದ ಬಡವರಲ್ಲಿ ಬಡವರು ಇವರೇ. ಸದಸ್ಯತ್ವ ಮನೆಯ ಯಜಮಾನನಿಗೆ ಎಂಬ ನಿಯಮವಿದ್ದುದರಿಂದ ಹೊಲದಲ್ಲಿ ಸಮನಾಗಿ ದುಡಿದ ಹೆಂಗಸರ ಹೆಸರು ಪಟ್ಟಿಗೆ ಬರಲಿಲ್ಲ; ವಿಧವೆಯರೂ ಒಂಟಿ ತಾಯಂದಿರೂ ಅಲ್ಲಲ್ಲಿ ಸೇರಿದರು, ಅಷ್ಟೆ. ನಗರದಲ್ಲಿ ಆಹಾರ ಅಗ್ಗವಾಗಿರಲೆಂದು ಸರ್ಕಾರ ಧಾನ್ಯದ ಬೆಲೆಯನ್ನು ಹಿಡಿದಿಟ್ಟಿದ್ದು ಜಮೀನು ಸಿಕ್ಕವರಿಗೂ ಪೆಟ್ಟು ಕೊಟ್ಟಿತು.

ಕಾದು ಬೇಸತ್ತ ಆಂದಾವೈಲಾಸ್ ಪ್ರಾಂತ್ಯದ ಸಾವಿರಾರು ರೈತರು 1974ರಲ್ಲಿ ತಾವೇ ಎಸ್ಟೇಟುಗಳಿಗೆ ನುಗ್ಗಿ ಉಳುಮೆ ಆರಂಭಿಸಿದರು. ರೈತರ ಹೆಸರಿನಲ್ಲಿ ಆಳುತ್ತಿದ್ದ ಸರ್ಕಾರ ಮೊದಲು ಮಾತುಕತೆ ನಡೆಸಿ, ಬಳಿಕ ಅವರನ್ನು ಬಲವಂತದಿಂದ ಹೊರಹಾಕಿ, ಮುಂದಾಳುಗಳನ್ನು ಬಂಧಿಸಿತು. ಜನರನ್ನು ಸಂಘಟಿಸಲೆಂದು 1971ರಲ್ಲಿ ಸಿನಾಮೊಸ್ ಎಂಬ ಸರ್ಕಾರಿ ಸಂಸ್ಥೆಯೇ ಹುಟ್ಟಿಕೊಂಡಿತ್ತು. ಆದರೆ ತಾವಾಗಿಯೇ ಸಂಘಟಿತರಾದ ಜನರನ್ನು ಏನು ಮಾಡಬೇಕೆಂಬುದು ಸೇನೆಗೆ ಕೊನೆಯವರೆಗೂ ತಿಳಿಯಲಿಲ್ಲ. 1974ರ ಜುಲೈನಲ್ಲಿ ದೊಡ್ಡ ದಿನಪತ್ರಿಕೆಗಳನ್ನೂ ವಶಪಡಿಸಿಕೊಂಡ ಸರ್ಕಾರ, ಹಳೆಯ ಎಲ್ ಕೊಮೆರ್ಸಿಯೊ ಪತ್ರಿಕೆಯನ್ನು ರೈತರಿಗೆಂದು ಮೀಸಲಿಟ್ಟಿತು. ಅದನ್ನು ನಡೆಸಿದ್ದು ರೈತರಲ್ಲ. ಅದೇ ಸರ್ಕಾರ 1975ರಲ್ಲಿ ಕೆಚುವಾ ಭಾಷೆಗೆ ಅಧಿಕೃತ ಸ್ಥಾನ ಕೊಟ್ಟಿತೆಂಬುದನ್ನೂ ಇದರೊಂದಿಗೇ ಹೇಳಬೇಕು.

ಆಡಳಿತ ಕುಸಿದ ಬಗೆ

1973ರಲ್ಲಿ ವೆಲಾಸ್ಕೊ ರಕ್ತನಾಳದ ಕಾಯಿಲೆಯಿಂದ ಒಂದು ಕಾಲನ್ನು ಕಳೆದುಕೊಂಡರು. ಸಮುದ್ರದ ಎಲ್ ನಿನೊ ವಿದ್ಯಮಾನದಿಂದ ಮೀನುಗಾರಿಕೆ ನೆಲಕಚ್ಚಿತ್ತು, ವಿದೇಶಿ ಸಾಲ ಏರುತ್ತಿತ್ತು. 1975ರ ಫೆಬ್ರುವರಿ 5ರಂದು ಪೊಲೀಸರ ಮುಷ್ಕರದ ನಡುವೆ ಲಿಮಾ ಲೂಟಿಗೆ ತುತ್ತಾಯಿತು. ಆಗಸ್ಟ್ 29ರಂದು ಜನರಲ್ ಫ್ರಾನ್ಸಿಸ್ಕೊ ಮೊರಾಲೆಸ್ ಬರ್ಮೂದೆಸ್ ತಕ್ನಾ ನಗರದಿಂದ ವೆಲಾಸ್ಕೊ ಪದಚ್ಯುತಿಯನ್ನು ಘೋಷಿಸಿದರು. ತಡೆಯಲು ಯಾರೂ ಬೀದಿಗೆ ಬರಲಿಲ್ಲ. ಎರಡು ವರ್ಷಗಳ ಬಳಿಕ, 1977ರ ಡಿಸೆಂಬರಿನಲ್ಲಿ ವೆಲಾಸ್ಕೊ ತೀರಿಕೊಂಡಾಗ ಮಾತ್ರ ಅಪಾರ ಜನ ಶವಯಾತ್ರೆಯಲ್ಲಿ ನಡೆದರು. ಕೃತಜ್ಞತೆಯಿತ್ತು, ಆದರೆ ಸರ್ಕಾರವನ್ನು ತಮ್ಮದೆಂದು ಕಾಯುವ ಸಂಘಟನೆ ಇರಲಿಲ್ಲ ಎಂದೇ ಇದನ್ನು ಅರ್ಥೈಸಬೇಕಾಗುತ್ತದೆ.

1980ರ ದಶಕದಲ್ಲಿ ಕರಾವಳಿಯ ಹೆಚ್ಚಿನ ಸಹಕಾರ ಸಂಘಗಳ ಸದಸ್ಯರು ಜಮೀನನ್ನು ತಮ್ಮತಮ್ಮಲ್ಲೇ ಪಾಲು ಮಾಡಿಕೊಂಡರು. ಸಕ್ಕರೆ ಸಂಘಗಳು ಮಾತ್ರ ಸಾಲದಲ್ಲಿ ಮುಳುಗುತ್ತ ಒಟ್ಟಾಗಿ ಉಳಿದವು. ಬೆಟ್ಟದಲ್ಲಿ ಹಳ್ಳಿಗಳು ಕೂಡುಸಂಸ್ಥೆಗಳ ನೆಲಕ್ಕೆ ನುಗ್ಗಿದವು, ಶೈನಿಂಗ್ ಪಾತ್ ಎಂಬ ಮಾವೋವಾದಿ ಗುಂಪು ಕೆಲವನ್ನು ಸುಟ್ಟು ಹಾಕಿತು. 1995ರ ಕಾನೂನು ಭೂಮಿತಿಯನ್ನು ತೆಗೆದುಹಾಕಿದ ಮೇಲೆ ಕರಾವಳಿಯಲ್ಲಿ ಮತ್ತೆ ಭಾರೀ ಹಿಡುವಳಿಗಳು ಬೆಳೆದಿವೆ. ಇಂದು ಅಲ್ಲಿ ರಫ್ತಿಗಾಗಿ ಶತಾವರಿ, ದ್ರಾಕ್ಷಿ, ಬ್ಲೂಬೆರ್ರಿ ಬೆಳೆಯುತ್ತಾರೆ. ಕಾಸಾ ಗ್ರಾಂದೆ 2006ರಿಂದ ಗ್ಲೋರಿಯಾ ಎಂಬ ಉದ್ಯಮ ಸಮೂಹದ ಆಸ್ತಿ.

ಬೆಟ್ಟದ ಹಳೆಯ ಧಣಿಗಳು ಮರಳಿ ಬರಲಿಲ್ಲ. ಎಸ್ಟೇಟುಗಳ ನೆಲ ಸಹಕಾರ ಸಂಘಗಳ ಮೂಲಕ ಸುತ್ತುಬಳಸಿಯಾದರೂ ಕೊನೆಗೆ ಅಲ್ಲಿನ ಹಳ್ಳಿಗಳ ಮತ್ತು ಕುಟುಂಬಗಳ ಕೈಗೆ ಸೇರಿತು, ಬಿಟ್ಟಿ ಚಾಕರಿ ಅಳಿಯಿತು. ಸೇನೆ ಅಧಿಕಾರ ಬಿಟ್ಟುಕೊಡುವ ಮುನ್ನ ರಚಿತವಾದ 1979ರ ಸಂವಿಧಾನ ಓದುಬರಹ ಬಾರದವರಿಗೂ ಮತದಾನದ ಹಕ್ಕು ನೀಡಿತು. 1980ರ ಚುನಾವಣೆಯಲ್ಲಿ ಆ ಹಕ್ಕನ್ನು ಮೊದಲ ಬಾರಿಗೆ ಬಳಸಿದವರಲ್ಲಿ ಹಿಂದೆ ಎಸ್ಟೇಟುಗಳ ಆಳುಗಳಾಗಿದ್ದವರೂ ಇದ್ದರು. ಅಂದು ಗೆದ್ದು ಮತ್ತೆ ಅಧ್ಯಕ್ಷರಾದವರು ಸೇನೆ ಹನ್ನೆರಡು ವರ್ಷಗಳ ಹಿಂದೆ ವಿಮಾನ ಹತ್ತಿಸಿದ್ದ ಫರ್ನಾಂಡೊ ಬೆಲೌಂದೆ.